ಸಂಶೋಧನಾ ಗುಂಪಿನ ಪರವಾಗಿ ಕನ್ನಡದಲ್ಲಿ ಬರೆಯುವುದು ಹೇಗೆ? ಅನುಮತಿ ಕೇಳುವುದರಿಂದ ತಿದ್ದುಪಡಿ ಹಾಕುವವರೆಗೆ

ಈಗ ಬಹಳ ಲ್ಯಾಬ್‌ಗಳಲ್ಲಿ ಒಂದು ಪದ್ಧತಿ ಬಂದಿದೆ. ಪೇಪರ್ ಬರೆದು ಮುಗಿಸಿದರೆ ಸಾಲದು, ಅದೇ ಕೆಲಸವನ್ನು ಹೊರಗಿನವರಿಗೆ ತಿಳಿಯುವ ಹಾಗೆ ಒಂದೆರಡು ಪುಟ ಬರೆದು ಕೊಡಬೇಕು. ತಿಂಗಳಿಗೊಬ್ಬರಂತೆ ಸರದಿ. ಪಿಎಚ್‌ಡಿ ವಿದ್ಯಾರ್ಥಿ, ಪ್ರಾಜೆಕ್ಟ್ ಅಸಿಸ್ಟೆಂಟ್, ಪೋಸ್ಟ್‌ಡಾಕ್, ಯಾರಿಗೂ ರಿಯಾಯಿತಿ ಇಲ್ಲ. ಬರಹ ಹೊರಗೆ ಹೋಗುವುದು ಗುಂಪಿನ ಹೆಸರಲ್ಲಿ. ಕನ್ನಡದಲ್ಲಿ ಬರೆಯಿರಿ ಅಂದರಂತೂ "ನಂಗೆ ಬರೆಯೋಕೆ ಬರಲ್ಲ, ಬೇರೆ ಯಾರಿಗಾದ್ರೂ ಹೇಳಿ" ಅಂತ ಜಾರಿಕೊಳ್ಳುವವರೇ ಜಾಸ್ತಿ.

ಇಂಥ ಬರಹಗಳನ್ನು ಬರೆಸಿ, ತಿದ್ದಿ, ಹೊರಗೆ ಕಳಿಸುವವರಲ್ಲಿ ನಾನೂ ಒಬ್ಬಳು. ಭಾಷೆ ಸರಿಯಿಲ್ಲ ಅಂತ ಕೆಟ್ಟುಹೋದ ಬರಹ ಕಡಿಮೆ. ಕಾಗುಣಿತ ತಿದ್ದಬಹುದು, ಉದ್ದ ವಾಕ್ಯವನ್ನು ತುಂಡು ಮಾಡಬಹುದು. ತಿದ್ದಲಾಗದಂತೆ ಕೆಡುವುದು ಎರಡೇ ಕಾರಣಕ್ಕೆ. ಒಂದು, ಬರೆಯುವ ಮೊದಲು ಗುಂಪಿನಲ್ಲಿ ಯಾರನ್ನೂ ಕೇಳಿರುವುದಿಲ್ಲ. ಇನ್ನೊಂದು, ಐದು ವರ್ಷದ ಕೆಲಸವನ್ನೆಲ್ಲ ಒಂದೇ ಬರಹಕ್ಕೆ ತುರುಕಿರುತ್ತಾರೆ. ಕೇಳಿ ಬರೆಯಿರಿ, ಚಿಕ್ಕದನ್ನು ಬರೆಯಿರಿ. ಕೆಳಗಿನ ಹಂತಗಳಲ್ಲಿ ಬಹುಪಾಲು ಈ ಎರಡು ಮಾತಿನ ವಿವರ ಅಷ್ಟೇ.

ಹಂತ 1: ಟೈಪ್ ಮಾಡುವ ಮೊದಲು ಕೇಳಿ

ಒಂದು ಲ್ಯಾಬ್‌ನ ಡೇಟಾ ಅಂದರೆ ಅದರಲ್ಲಿ ಹತ್ತು ಕೈ ಇರುತ್ತದೆ. ಗೈಡ್ ಇದ್ದಾರೆ, ಎರಡು ವರ್ಷ ಹಿಂದೆ ಬಿಟ್ಟುಹೋದ ಸೀನಿಯರ್ ಇದ್ದಾರೆ, ಬೇರೆ ಊರಿನ ಇನ್ನೊಂದು ಲ್ಯಾಬ್ ಇದೆ, ಕಾಡಿನಲ್ಲಿ ದಾರಿ ತೋರಿಸಿದವರಿದ್ದಾರೆ. ಹಾಗಾಗಿ ಮೊದಲ ಕೆಲಸ ಗೈಡ್‌ಗೆ ಮೂರು ಸಾಲಿನ ಮೇಲ್. ಯಾವ ವಿಷಯ, ಯಾವ ಡೇಟಾ, ಯಾವಾಗ ಹೊರಗೆ ಹೋಗಬೇಕು. ಕಾರಿಡಾರಿನಲ್ಲಿ ಎದುರು ಸಿಕ್ಕಾಗ ಕೇಳಿ ಪಡೆದ "ಹ್ಞೂಂ, ಬರಿ ಬರಿ" ಲೆಕ್ಕಕ್ಕಿಲ್ಲ. ಒಂದು ತಿಂಗಳ ನಂತರ ಇಬ್ಬರಿಗೂ ಅದು ಬೇರೆ ಬೇರೆ ಥರ ನೆನಪಿರುತ್ತದೆ.

ಮೇಲ್ ಹಾಕುವ ಮುಂಚೆ ನೀವೇ ಉತ್ತರ ಹುಡುಕಿಕೊಳ್ಳಬೇಕಾದ ಐದು ಪ್ರಶ್ನೆಗಳಿವೆ.

ಪೇಪರ್ ಈಗ ಯಾವ ಹಂತದಲ್ಲಿದೆ? 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕ ಫ್ರಾಂಜ್ ಇಂಗಲ್‌ಫಿಂಗರ್ ಒಂದು ನಿಯಮ ತಂದರು: ಬೇರೆ ಕಡೆ ಆಗಲೇ ಬಂದುಹೋದ ಫಲಿತಾಂಶವನ್ನು ನಾವು ಹಾಕುವುದಿಲ್ಲ. ಆಮೇಲೆ ಉಳಿದ ಜರ್ನಲ್‌ಗಳೂ ಅದೇ ದಾರಿ ಹಿಡಿದವು. ಈಗ ಕಾಲ ಬದಲಾಗಿದೆ. ಭೌತಶಾಸ್ತ್ರದವರು 1991ರಿಂದ ಆರ್‌ಕೈವ್ ಅನ್ನುವ ಜಾಲತಾಣದಲ್ಲಿ ಪ್ರಿಪ್ರಿಂಟ್ (ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಹೊರಗಿಡುವ ಪೇಪರ್) ಹಾಕುತ್ತಿದ್ದಾರೆ, ಜೀವಶಾಸ್ತ್ರಕ್ಕೆ 2013ರಿಂದ ಬಯೋಆರ್‌ಕೈವ್ ಇದೆ, ಬಹುತೇಕ ಜರ್ನಲ್‌ಗಳು ಪ್ರಿಪ್ರಿಂಟ್‌ಗೆ ತಕರಾರು ಮಾಡುವುದಿಲ್ಲ. ಆದರೆ ಪ್ರಿಪ್ರಿಂಟ್ ಬೇರೆ, ಜನರಿಗಾಗಿ ಬರೆದ ಲೇಖನ ಬೇರೆ. ಪೇಪರ್ ಒಪ್ಪಿಗೆಯಾಗಿ ಇನ್ನೂ ಹೊರಬಂದಿಲ್ಲದಿದ್ದರೆ ಎಂಬಾರ್ಗೋ ಇರಬಹುದು. ಅಂದರೆ ಇಂಥ ದಿನ, ಇಂಥ ಗಂಟೆವರೆಗೆ ಹೊರಗೆ ಮಾತಾಡಬೇಡಿ ಅಂತ ಜರ್ನಲ್ ಹೇಳಿರುತ್ತದೆ. ಆ ಗಂಟೆ ಬ್ರಿಟನ್ ಅಥವಾ ಅಮೆರಿಕದ ಗಡಿಯಾರದ್ದು, ನಮ್ಮದಲ್ಲ. ನಮ್ಮ ಸಮಯಕ್ಕೆ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ.

ಪೇಟೆಂಟ್‌ಗೆ ಹೋಗುವ ಯೋಚನೆ ಇದೆಯೇ? ಇದು ತುಂಬ ಜನಕ್ಕೆ ಗೊತ್ತಿಲ್ಲದ ಹಳ್ಳ. ಭಾರತದಲ್ಲಿ ಅರ್ಜಿ ಹಾಕುವ ಮೊದಲೇ ವಿಷಯ ಬಹಿರಂಗವಾದರೆ ಅದು ಹೊಸದು ಅಂತ ಅನ್ನಿಸಿಕೊಳ್ಳುವುದಿಲ್ಲ. ಬಹಿರಂಗ ಮಾಡಿದ್ದು ನೀವೇ ಆದರೂ ಅಷ್ಟೇ. ಕೆಲವು ವಿನಾಯಿತಿಗಳಿವೆ, ಆದರೆ ಬಹಳ ಕಡಿಮೆ. ಅಮೆರಿಕದಲ್ಲಿ ಬಹಿರಂಗ ಮಾಡಿದ ಮೇಲೂ ಅರ್ಜಿ ಹಾಕಲು ಸಂಶೋಧಕರಿಗೆ ಒಂದು ವರ್ಷದ ಸಮಯ ಸಿಗುತ್ತದೆ, ಅದನ್ನೇ ಓದಿಕೊಂಡು ಇಲ್ಲೂ ಹಾಗೇ ಅಂದುಕೊಳ್ಳುವವರಿದ್ದಾರೆ. ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿಬಿಟ್ಟರೆ ಪೂರ್ತಿ ವಿವರ ಕೊಡಲು 12 ತಿಂಗಳು ಇರುತ್ತದೆ. ಹೊಸ ಸೆನ್ಸರ್, ಹೊಸ ಔಷಧದ ಅಣು, ಹೊಸ ಯಂತ್ರದ ಬಗ್ಗೆ ಬರೆಯುವವರು ಸಂಸ್ಥೆಯ ಪೇಟೆಂಟ್ ವಿಭಾಗದಲ್ಲಿ ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಡೇಟಾ ಯಾರದು? ನಿಮ್ಮ ಥೀಸಿಸ್‌ನ ಮೂರನೇ ಅಧ್ಯಾಯದಲ್ಲಿ ಇದ್ದ ಮಾತ್ರಕ್ಕೆ ಅದು ನಿಮ್ಮೊಬ್ಬರದು ಆಗುವುದಿಲ್ಲ. ಪಕ್ಕದ ಬೆಂಚಿನವರ ಇನ್ನೂ ಪ್ರಕಟವಾಗದ ಗ್ರಾಫನ್ನು "ನಮ್ಮ ಲ್ಯಾಬ್‌ನಲ್ಲಿ ಇದೂ ಕಂಡುಬಂದಿದೆ" ಅಂತ ಒಂದು ಸಾಲಿನಲ್ಲಿ ಹೇಳಿಬಿಟ್ಟರೂ ಜಗಳಕ್ಕೆ ಅಷ್ಟು ಸಾಕು.

ಜಾಗದ ಗುಟ್ಟು ಹೊರಬೀಳುತ್ತದೆಯೇ? ಗಿಡ, ಪ್ರಾಣಿ, ಕಾಡಿನ ಮೇಲೆ ಕೆಲಸ ಮಾಡುವವರು ಇದನ್ನು ಎರಡು ಸಲ ಓದಿ. 1999ರಲ್ಲಿ ಚೀನಾದ ಆಗ್ನೇಯ ಭಾಗದ ಗುಹೆಗಳ ಹಲ್ಲಿಯೊಂದಕ್ಕೆ ಗೊನಿಯುರೋಸಾರಸ್ ಲೂಯಿ ಅಂತ ಹೆಸರಿಟ್ಟು ವಿವರ ಪ್ರಕಟಿಸಿದರು. ಸಾಕುವ ಹುಚ್ಚಿನವರು ಮುಗಿಬಿದ್ದರು, ಬೆಲೆ ಏರಿತು, ಮೊದಲು ಸಿಕ್ಕಿದ ಜಾಗದಲ್ಲೇ ಆ ಹಲ್ಲಿ ಇಲ್ಲವಾಯಿತು. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತೋರಿಸದೆ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಇಡುವುದು ಇದೇ ಕಾರಣಕ್ಕೆ. ನಮ್ಮ ಕಡೆ ಅದು ಸುಮಾರು 22 ಕಿಲೋಮೀಟರ್ ಅಗಲ. ನೀವೂ ತಾಲ್ಲೂಕಿನ ಹೆಸರಿಗೆ ನಿಲ್ಲಿಸಿ. ಹಳ್ಳದ ಹೆಸರು, ದೇವಸ್ಥಾನದ ಗುರುತು, ಬಸ್ ಇಳಿಯುವ ಜಾಗ ಬೇಡ. ಮೊಬೈಲ್ ಫೋಟೋದ ಫೈಲಿನಲ್ಲೇ ಜಾಗದ ವಿವರ ಅಡಗಿರುತ್ತದೆ, ಅದನ್ನೂ ಅಳಿಸಿ. ಅರಣ್ಯ ಇಲಾಖೆ ಕೊಟ್ಟ ಅನುಮತಿ ಪತ್ರವನ್ನೂ ತೆಗೆದು ನೋಡಿ. ಅದರ ಷರತ್ತುಗಳನ್ನು ಮೊದಲ ದಿನ ಬಿಟ್ಟರೆ ಯಾರೂ ಓದಿರುವುದಿಲ್ಲ.

ಕೊನೆಯದು, ಜನ. ಆರೋಗ್ಯ ಅಥವಾ ಸಮಾಜದ ಅಧ್ಯಯನವಾದರೆ ಒಪ್ಪಿಗೆ ಪತ್ರದಲ್ಲಿ ಏನಿದೆ ನೋಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಗಳು ಭಾಗವಹಿಸಿದವರ ಗುರುತು ಕಾಪಾಡಬೇಕು ಅಂತ ಹೇಳುತ್ತವೆ. ಹೆಸರು ತೆಗೆದರೆ ಗುರುತು ಹೋಯಿತು ಅಂತ ಅಂದುಕೊಳ್ಳಬೇಡಿ. "ಅಂಗನವಾಡಿ ಪಕ್ಕದ ಮನೆಯ, ಅವಳಿ ಮಕ್ಕಳ ತಾಯಿ" ಅಂತ ಬರೆದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆ ಊರಿನಲ್ಲಿ ಗೊತ್ತಾಗದವರು ಯಾರೂ ಇರುವುದಿಲ್ಲ.

ಐದರಲ್ಲಿ ಯಾವುದಾದರೂ ಒಂದಕ್ಕೆ ಉತ್ತರ ಸಿಗದಿದ್ದರೆ ಫಲಿತಾಂಶದ ಗೊಡವೆಗೆ ಹೋಗಬೇಡಿ, ವಿಧಾನದ ಬಗ್ಗೆ ಬರೆಯಿರಿ. ಮಳೆಗಾಲದ ರಾತ್ರಿ ಕಪ್ಪೆಯ ಕೂಗನ್ನು ಹೇಗೆ ರೆಕಾರ್ಡ್ ಮಾಡುತ್ತೀರಿ, ಒಂದು ಕೋಶವನ್ನು ಮೈಕ್ರೋಸ್ಕೋಪಿನಲ್ಲಿ ಕಾಣುವ ಹಾಗೆ ಮಾಡುವುದು ಹೇಗೆ, ಇಂಥದ್ದು. ಎಷ್ಟೋ ಸಲ ಓದುವವರಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ.

ಹಂತ 2: ಯಾರಿಗೆ ಬರೆಯುತ್ತಿದ್ದೀರಿ?

"ಅಜ್ಜಿಗೂ ಅರ್ಥವಾಗುವ ಹಾಗೆ ಬರೆಯಿರಿ" ಅಂತ ಎಲ್ಲ ಕಾರ್ಯಾಗಾರಗಳಲ್ಲೂ ಹೇಳುತ್ತಾರೆ. ನನಗೆ ಈ ಸಲಹೆ ಅಷ್ಟು ಹಿಡಿಸುವುದಿಲ್ಲ. ಕಣ್ಣೆದುರು ಇಲ್ಲದ ಒಂದು ಅಜ್ಜಿಯನ್ನು ಕಲ್ಪಿಸಿಕೊಂಡು ಬರೆದರೆ ಬರಹ ಮಗುವಿಗೆ ಹೇಳಿದ ಹಾಗಾಗುತ್ತದೆ. ಅಜ್ಜಿಗೂ ಅವಮಾನ, ಉಳಿದವರಿಗೂ ಬೇಸರ.

ಅದರ ಬದಲು ನಿಜವಾಗಿ ಓದಬಹುದಾದ ಒಬ್ಬರನ್ನು ಆರಿಸಿಕೊಳ್ಳಿ. ರಾಗಿ ತಳಿಯ ಕೆಲಸವಾದರೆ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ. ಕಾಡಿನ ಕೆಲಸವಾದರೆ ನಿಮ್ಮ ಜೊತೆ ನಡೆದ ಫಾರೆಸ್ಟ್ ಗಾರ್ಡ್. ರಸಾಯನಶಾಸ್ತ್ರವಾದರೆ ಪಿಯುಸಿ ಲೆಕ್ಚರರ್. ಇವರಿಗೆ ವಿಷಯದ ಒಂದು ತುದಿ ಚೆನ್ನಾಗಿ ಗೊತ್ತು, ಇನ್ನೊಂದು ತುದಿ ಗೊತ್ತಿಲ್ಲ. ಗೊತ್ತಿರುವ ತುದಿಯಿಂದ ಶುರು ಮಾಡಿ. ಗಾರ್ಡ್‌ಗೆ ಕಾಡು ಅಂದರೇನು ಅಂತ ವಿವರಿಸುವ ಅಗತ್ಯ ಇಲ್ಲ. ನೀವು ಕಪ್ಪೆಯ ಕಾಲುಬೆರಳಿನ ತುದಿಯನ್ನು ಯಾಕೆ ಕತ್ತರಿಸಿ ಬಾಟಲಿಗೆ ಹಾಕಿಕೊಂಡಿರಿ ಅನ್ನುವುದು ಅವರಿಗೆ ಗೊತ್ತಾಗಬೇಕು.

ಹಂತ 3: ವಿಷಯವನ್ನು ಸಣ್ಣದು ಮಾಡಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ನೋಡೋಣ.

2014ರಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಪಶ್ಚಿಮ ಘಟ್ಟದ ಒಂದು ಹೊಸ ಕಪ್ಪೆಯನ್ನು ವಿವರಿಸಿದರು. ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳಗಳಲ್ಲಿ, ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು) ಇರುವ ಕಡೆ ಸಿಕ್ಕಿದ ರಾತ್ರಿಗಪ್ಪೆ ಇದು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ತನ್ನ ಮುಂಗಾಲುಗಳಿಂದ ಹಳ್ಳದ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಕುಂಬಾರ ಅನ್ನುವ ಹೆಸರು ಬಂದಿದ್ದು ಅದಕ್ಕೇ. (ಈ ಜಾಗದ ಹೆಸರು ಪೇಪರ್‌ನಲ್ಲೇ ಬಹಿರಂಗವಾಗಿದೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.)

ಇಂಥ ಒಂದು ಪೇಪರ್‌ನಲ್ಲಿ ಏನೇನು ಇರುತ್ತದೆ? ದೇಹದ ಅಳತೆಗಳು, ಹತ್ತಿರದ ಜಾತಿಗಳ ಜೊತೆ ಹೋಲಿಕೆ, ಡಿಎನ್‌ಎ ವಂಶವೃಕ್ಷ, ಕೂಗಿನ ವಿಶ್ಲೇಷಣೆ, ಮಿಲನದ ವರ್ತನೆ, ಸಂರಕ್ಷಣೆಯ ಮಾತು. ಹೊಸಬರು ಇದೆಲ್ಲವನ್ನೂ ಒಂದೊಂದು ಪ್ಯಾರಾದಂತೆ ಹಾಕುತ್ತಾರೆ. ಪೇಪರ್‌ನ ಸಾರಾಂಶ ಕನ್ನಡದಲ್ಲಿ ಸಿಗುತ್ತದೆ, ಓದಲು ಯಾರೂ ಸಿಗುವುದಿಲ್ಲ.

ಒಂದನ್ನು ಆರಿಸಿ. ಇಲ್ಲಿ ಅದು ಕೆಸರು. ಉಳಿದದ್ದೆಲ್ಲ ಕೆಸರಿಗೆ ಸಂಬಂಧಪಟ್ಟಷ್ಟು ಮಾತ್ರ ಒಳಗೆ ಬರಲಿ. ವಂಶವೃಕ್ಷ ಬೇಕೇ? ಈ ಅಭ್ಯಾಸ ಹತ್ತಿರದ ಬೇರೆ ಕಪ್ಪೆಗಳಲ್ಲಿ ಇಲ್ಲ ಅಂತ ಹೇಳಲು ಒಂದು ಸಾಲು ಬೇಕು. ಮೂಗಿನಿಂದ ಕಣ್ಣಿನವರೆಗಿನ ಅಳತೆ ಬೇಡ.

ಆರಿಸಿದ್ದು ಸರಿಯಾಗಿದೆಯೇ ಅಂತ ತಿಳಿಯಲು ಒಂದು ಪರೀಕ್ಷೆ: ಬರಹದ ವಿಷಯವನ್ನು ಕ್ರಿಯಾಪದ ಇರುವ ಒಂದೇ ಸಾಲಿನಲ್ಲಿ ಹೇಳಲು ಬರಬೇಕು. "ಕಪ್ಪೆಗಳ ಸಂತಾನೋತ್ಪತ್ತಿ" ಅನ್ನುವುದು ಸಾಲಲ್ಲ, ಫೈಲಿನ ಹೆಸರು. "ಈ ಗಂಡು ಕಪ್ಪೆ ಮೊಟ್ಟೆಗೆ ಕೆಸರು ಮೆತ್ತುತ್ತದೆ" ಅನ್ನುವುದು ಸಾಲು.

ಹಂತ 4: ಮೊದಲ ಡ್ರಾಫ್ಟ್

ಜರ್ನಲ್ ಧಾಟಿಯನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಪ್ರಸ್ತುತ ಅಧ್ಯಯನದಲ್ಲಿ ನೂತನ ಪ್ರಭೇದವೊಂದರಲ್ಲಿ ವಿಶಿಷ್ಟ ಪೋಷಕ ವರ್ತನೆಯು ಅವಲೋಕಿಸಲ್ಪಟ್ಟಿದೆ." ಇದರಲ್ಲಿ ಕಪ್ಪೆಯೂ ಇಲ್ಲ, ಕೆಸರೂ ಇಲ್ಲ, ನೋಡಿದ ಮನುಷ್ಯನೂ ಇಲ್ಲ. "ಲ್ಪಟ್ಟಿದೆ" ಕಂಡಲ್ಲೆಲ್ಲ ನಿಲ್ಲಿಸಿ, ಯಾರು ಏನು ಮಾಡಿದರು ಅಂತ ಕೇಳಿಕೊಳ್ಳಿ. ಉತ್ತರ ತಾನಾಗಿಯೇ ಒಳ್ಳೆಯ ವಾಕ್ಯವಾಗಿರುತ್ತದೆ.

ಮೊದಲ ಪ್ಯಾರಾದಲ್ಲಿ ಕಂಡದ್ದನ್ನು ಹೇಳಿ. ವಿಜ್ಞಾನದ ಇತಿಹಾಸ, ಜಗತ್ತಿನಲ್ಲಿ ಎಷ್ಟು ಜಾತಿಯ ಉಭಯವಾಸಿಗಳಿವೆ, ಪ್ರಕೃತಿ ಎಷ್ಟು ಸುಂದರ, ಇವು ಯಾವುವೂ ಬೇಡ. ಸುಮ್ನೆ ಜಾಗ ತಿನ್ನುತ್ತವೆ. ಎರಡನೇ ಪ್ಯಾರಾದಲ್ಲಿ, ಅದನ್ನು ಹೇಗೆ ನೋಡಿದಿರಿ. ರಾತ್ರಿ, ಮಳೆ, ಟಾರ್ಚ್, ಕ್ಯಾಮೆರಾ, ಎಷ್ಟು ದೂರದಿಂದ. ಫೀಲ್ಡ್ ನೋಟ್‌ಬುಕ್ ತೆರೆದಿಟ್ಟುಕೊಂಡು ಬರೆಯಿರಿ, ನೆನಪಿನಿಂದ ಬೇಡ. ಆಮೇಲೆ ಯಾಕೆ ಅನ್ನುವ ಪ್ರಶ್ನೆಗೆ ಬನ್ನಿ.

ಈ "ಯಾಕೆ" ಬಂದಾಗ ಎಚ್ಚರಿಕೆ. ಕೆಸರು ಮೆತ್ತುವುದನ್ನು ಕಣ್ಣಾರೆ ನೋಡಿದ್ದಾರೆ. ಮೊಟ್ಟೆ ಒಣಗದಿರಲಿ ಅಂತಲೋ, ತಿನ್ನುವ ಪ್ರಾಣಿಗಳ ಕಣ್ಣಿಗೆ ಬೀಳದಿರಲಿ ಅಂತಲೋ ಮೆತ್ತುತ್ತಿರಬಹುದು ಅನ್ನುವುದು ಊಹೆ. ಕಂಡದ್ದಕ್ಕೆ "ಮೆತ್ತುತ್ತದೆ", ಊಹೆಗೆ "ಇರಬಹುದು". ಡ್ರಾಫ್ಟ್ ಮುಗಿದ ಮೇಲೆ ಎಲ್ಲ ವಾಕ್ಯಗಳ ಕೊನೆಯನ್ನು ಮಾತ್ರ ಓದಿಕೊಂಡು ಹೋಗಿ. ಊಹೆಯ ವಾಕ್ಯ ಖಚಿತದ ಕೊನೆ ಹಾಕಿಕೊಂಡು ಕೂತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಉದ್ದ ಎಷ್ಟಿರಬೇಕು? ಎಂಟುನೂರು ಪದ ಸಾಕು. ಸಾವಿರ ದಾಟಿದರೆ ಎರಡು ವಿಷಯ ಸೇರಿಕೊಂಡಿವೆ ಅಂತ ನಾನು ಅನುಮಾನಪಡುತ್ತೇನೆ, ಬಹಳ ಸಲ ಅದು ನಿಜವೇ ಆಗಿರುತ್ತದೆ.

ಹಂತ 5: ಪದಗಳು

ಕನ್ನಡದಲ್ಲಿ ವಿಜ್ಞಾನ ಹೇಳಲು ಆಗುವುದಿಲ್ಲ ಅನ್ನುವ ವಾದವನ್ನು ಇನ್ನಾದರೂ ಬಿಡೋಣ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಅನ್ನುವ ಪತ್ರಿಕೆ ನಡೆಸಿದ್ದರು.

ಕೆಲಸಕ್ಕೆ ಬರುವ ನಿಯಮ ಇಷ್ಟು. ಜನ ದಿನಾ ಬಳಸುವ ಪದ ಯಾವುದೋ ಅದು, ಇಂಗ್ಲಿಷ್ ಮೂಲದ್ದಾದರೂ ಸರಿ: ಬ್ಯಾಕ್ಟೀರಿಯಾ, ಡಿಎನ್‌ಎ, ಸೆನ್ಸರ್. ಊರಿನಲ್ಲಿ ಹೆಸರಿರುವ ಗಿಡ, ಹುಳ, ಮಣ್ಣಿಗೆ ಊರಿನ ಹೆಸರು, ಜೊತೆಗೆ ಒಂದು ಸಲ ವೈಜ್ಞಾನಿಕ ಹೆಸರು, ಯಾಕೆಂದರೆ ಒಂದೇ ಹೆಸರಿನಿಂದ ಎರಡು ಗಿಡ ಕರೆಯುವುದು ನಮ್ಮಲ್ಲಿ ಮಾಮೂಲು. ಎರಡೂ ಇಲ್ಲದ ಕಡೆ ಪದ ಹುಟ್ಟಿಸಲು ಹೋಗದೆ ಅದು ಏನು ಮಾಡುತ್ತದೆ ಅಂತ ಬಿಡಿಸಿ ಹೇಳಿ. ಒಂದು ಬರಹಕ್ಕೆ ಎರಡು ಹೊಸ ಪದ, ಮೂರನೆಯದು ಬಂದರೆ ಒಂದನ್ನು ಇಳಿಸಿ. ಗುಂಪಿಗೆ ಒಂದು ಪದಪಟ್ಟಿ ಇಟ್ಟುಕೊಳ್ಳಿ. ಒಬ್ಬರು ಜೀವಕೋಶ, ಇನ್ನೊಬ್ಬರು ಕಣ, ಮತ್ತೊಬ್ಬರು ಸೆಲ್ ಅಂತ ಬರೆದರೆ ಓದುವವರು ಮೂರೂ ಬೇರೆ ಬೇರೆ ಅಂದುಕೊಳ್ಳುತ್ತಾರೆ.

ಹಂತ 6: ಅಂಕಿ ಮತ್ತು ತಲೆಬರಹ

ಸಾವಿರ ಜನರಲ್ಲಿ 2 ಜನಕ್ಕೆ ಬರುತ್ತಿದ್ದ ಕಾಯಿಲೆ 3 ಜನಕ್ಕೆ ಬಂತು ಅಂದುಕೊಳ್ಳಿ. "ಶೇ 50 ಹೆಚ್ಚಳ" ಅಂತಲೂ ಬರೆಯಬಹುದು, "ಸಾವಿರಕ್ಕೆ ಒಬ್ಬರು ಹೆಚ್ಚು" ಅಂತಲೂ ಬರೆಯಬಹುದು. ಎರಡೂ ಸುಳ್ಳಲ್ಲ. ಆದರೆ ಮೊದಲನೆಯದನ್ನು ಮಾತ್ರ ಬರೆದರೆ ಓದುವವರು ಹೆದರುತ್ತಾರೆ, ಅದೇ ಸಾಲು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಶೇಕಡಾ ಬರೆದ ಕಡೆ ಒಟ್ಟು ಎಷ್ಟರಲ್ಲಿ ಅಂತ ಬರೆಯಿರಿ. ಇಲಿಯ ಮೇಲೆ ಮಾಡಿದ ಪ್ರಯೋಗವಾದರೆ ಇಲಿ ಅನ್ನುವ ಪದ ತಲೆಬರಹದಲ್ಲೇ ಬರಲಿ, ಐದನೇ ಪ್ಯಾರಾದಲ್ಲಿ ಅಲ್ಲ. ಪಿ-ಮೌಲ್ಯ (ಫಲಿತಾಂಶ ಬರೀ ಆಕಸ್ಮಿಕವೇ ಅಂತ ತೂಗಲು ಬಳಸುವ ಸಂಖ್ಯೆ) ಬೇಡ.

ತಲೆಬರಹದ ಆಸೆ ಎಷ್ಟು ದುಬಾರಿ ಅನ್ನುವುದಕ್ಕೆ ನಾಸಾದ 2010ರ ಪ್ರಕರಣ ನೋಡಿ. ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಒಂದು ಬ್ಯಾಕ್ಟೀರಿಯಾ ರಂಜಕದ ಬದಲು ಆರ್ಸೆನಿಕ್ ಬಳಸಿ ಬದುಕುತ್ತದೆ ಅಂತ ಒಂದು ಪೇಪರ್ ಬಂತು. ಅದಕ್ಕೂ ಮೊದಲೇ ನಾಸಾ, ಅನ್ಯಗ್ರಹ ಜೀವಿಗಳ ಹುಡುಕಾಟಕ್ಕೆ ಸಂಬಂಧಿಸಿದ ಸಂಗತಿ ಹೇಳುತ್ತೇವೆ ಅಂತ ಪತ್ರಕರ್ತರನ್ನು ಕರೆದಿತ್ತು. 2012ರಲ್ಲಿ ಬೇರೆ ತಂಡಗಳು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. 2025ರಲ್ಲಿ ಸೈನ್ಸ್ ಪತ್ರಿಕೆ ಆ ಪೇಪರನ್ನು ಹಿಂದಕ್ಕೆ ಪಡೆಯಿತು, ಲೇಖಕರು ಒಪ್ಪದಿದ್ದರೂ. ತಲೆಬರಹವನ್ನು ಕೊನೆಗೆ ಬರೆಯಿರಿ, ಹಂತ 3ರ ಆ ಒಂದು ಸಾಲಿಗಿಂತ ದೊಡ್ಡ ಮಾತು ಅದರಲ್ಲಿ ಇರದಿರಲಿ.

ಹಂತ 7: ಚಿತ್ರ

ನಿಮ್ಮ ಪೇಪರ್‌ನ ಗ್ರಾಫ್ ನಿಮ್ಮದೇ ಅಂದುಕೊಂಡಿದ್ದೀರಿ, ಅಲ್ವಾ? ಚಂದಾ ಜರ್ನಲ್ ಆಗಿದ್ದರೆ ಹಕ್ಕನ್ನು ಬರೆದುಕೊಟ್ಟಿರಬಹುದು. ಸಿಸಿ ಬೈ ಪರವಾನಗಿ ಇದ್ದರೆ ಹೆಸರು ಹೇಳಿ ಬಳಸಿ. ಪರವಾನಗಿಯಲ್ಲಿ ಎನ್‌ಡಿ ಅಂತ ಇದ್ದರೆ ಅಕ್ಷರಗಳನ್ನು ಕನ್ನಡಕ್ಕೆ ಬದಲಾಯಿಸಿ ಹಂಚುವಂತೆಯೂ ಇಲ್ಲ. ಎಲ್ಲಕ್ಕಿಂತ ಸುಲಭ, ಡೇಟಾದಿಂದ ಹೊಸ ಗ್ರಾಫ್ ಬರೆಯುವುದು. ಹೇಗೂ ಬರೆಯಬೇಕು, ಯಾಕೆಂದರೆ ಪೇಪರ್‌ನ ಎಂಟು ಭಾಗದ ಚಿತ್ರ ಮೊಬೈಲಿನಲ್ಲಿ ಕಾಣುವುದಿಲ್ಲ. ಒಂದೇ ಗ್ರಾಫ್, ಕನ್ನಡದ ಲೇಬಲ್, ಕೆಂಪು-ಹಸಿರಿನ ವ್ಯತ್ಯಾಸ ಕಾಣದವರೂ ಇರುವುದರಿಂದ ಬೇರೆ ಬಣ್ಣ. ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ಬೇಡವೇ ಬೇಡ. ಫೋಟೋದಲ್ಲಿ ಮುಖ ಕಾಣುವವರಿಗೆ ಒಂದು ಫೋನ್ ಮಾಡಿ ಕೇಳಿ.

ಹಂತ 8: ಗುಂಪಿಗೆ ತೋರಿಸುವುದು

ಡ್ರಾಫ್ಟನ್ನು ಇಡೀ ಲ್ಯಾಬ್‌ನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ "ನೋಡಿ ಹೇಳಿ" ಅಂದರೆ ಬರುವುದು ಹೆಬ್ಬೆರಳು ಮಾತ್ರ. ಮೂರು ಜನಕ್ಕೆ ಹೆಸರು ಹಿಡಿದು ಕಳಿಸಿ, ಒಬ್ಬೊಬ್ಬರಿಗೂ ಬೇರೆ ಪ್ರಶ್ನೆ ಕೇಳಿ. ಡೇಟಾ ತೆಗೆದವರಿಗೆ: ನಡೆದದ್ದು ಹೀಗೆಯೇ? ವಿಷಯ ಗೊತ್ತಿಲ್ಲದ, ಪಕ್ಕದ ವಿಭಾಗದ ಒಬ್ಬರಿಗೆ: ಎಲ್ಲಿ ಓದುವುದನ್ನು ನಿಲ್ಲಿಸಿದಿರಿ? ಗೈಡ್‌ಗೆ: ಇದರಲ್ಲಿ ತಪ್ಪು ಅಥವಾ ಹೇಳಬಾರದ್ದು ಏನಾದರೂ ಇದೆಯೇ? "ಹೇಗಿದೆ" ಅಂತ ಗೈಡ್‌ಗೆ ಕೇಳಬೇಡಿ. ಕೇಳಿದರೆ ಇಡೀ ಬರಹವನ್ನು ಜರ್ನಲ್ ಧಾಟಿಗೆ ತಂದು ವಾಪಸ್ ಕೊಡುತ್ತಾರೆ.

ಕನ್ನಡ ಓದಲು ಬಾರದ ಗೈಡ್ ಇದ್ದರೆ? ನಮ್ಮ ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ಪೂರ್ತಿ ಅನುವಾದ ಮಾಡಿಕೊಡುತ್ತಾ ಕೂರಬೇಡಿ. ಬರಹದಲ್ಲಿ ಬರುವ ವೈಜ್ಞಾನಿಕ ಹೇಳಿಕೆಗಳನ್ನು, ಅಂಕಿಗಳ ಸಮೇತ, ಇಂಗ್ಲಿಷ್‌ನಲ್ಲಿ ಪಟ್ಟಿ ಮಾಡಿ ಕಳಿಸಿ. ಹೆಚ್ಚೆಂದರೆ ಹತ್ತು ಸಾಲು. ಕನ್ನಡ ಬಲ್ಲ ಇನ್ನೊಬ್ಬ ಸಹೋದ್ಯೋಗಿ ಆ ಪಟ್ಟಿಯೂ ಬರಹವೂ ಒಂದೇ ಅಂತ ನೋಡಿ ಹೇಳಲಿ.

ಬರುವ ತಿದ್ದುಪಡಿಗಳು ಹೇಗಿರುತ್ತವೆ ಅಂತ ಹತ್ತಿರದಿಂದ ನೋಡೋಣ. ನೀವು ಬರೆದ ಸಾಲು: "ಗಂಡು ಕಪ್ಪೆ ಮೊಟ್ಟೆ ಒಣಗದಂತೆ ಕೆಸರು ಮೆತ್ತುತ್ತದೆ." ಅಂಚಿನಲ್ಲಿ ನಾಲ್ಕು ಟಿಪ್ಪಣಿ ಬಂದಿವೆ. ಡೇಟಾ ತೆಗೆದವರು: "ಒಣಗದಂತೆ ಅನ್ನುವುದನ್ನು ನಾವು ಅಳೆದಿಲ್ಲ." ಇದು ತಪ್ಪು ತೋರಿಸಿದ ಟಿಪ್ಪಣಿ, ಮರುಮಾತಿಲ್ಲದೆ ಒಪ್ಪಿಕೊಳ್ಳಿ. ಗೈಡ್: "ನಿರ್ದಿಷ್ಟ ಪಾರಿಸರಿಕ ಸನ್ನಿವೇಶಗಳಲ್ಲಿ ಅಂತ ಸೇರಿಸು." ಅವರಿಗಿರುವ ಭಯ ಏನು ಅಂತ ಕೇಳಿ. ಬೇರೆ ಹಳ್ಳಗಳಲ್ಲಿ ನೋಡಿಲ್ಲ ಅನ್ನುವುದಾದರೆ "ನಾವು ನೋಡಿದ ಹಳ್ಳಗಳಲ್ಲಿ" ಅಂತ ಬರೆದರೆ ಅವರ ಮಾತೂ ಉಳಿಯಿತು, ಸಾಲೂ ಉಳಿಯಿತು. ಪಕ್ಕದ ವಿಭಾಗದವರು: "ಕೆಸರು ಮೆತ್ತಿದರೆ ಮೊಟ್ಟೆ ಉಸಿರಾಡೋದು ಹೇಗೆ?" ಚಿನ್ನದಂಥ ಪ್ರಶ್ನೆ. ಉತ್ತರ ಗೊತ್ತಿದ್ದರೆ ಒಂದು ಪ್ಯಾರಾ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಒಂದು ಸಾಲು. ನಾಲ್ಕನೆಯದು, ಕನ್ನಡ ಬಲ್ಲ ಆ ಸಹೋದ್ಯೋಗಿಯದು: "ಮೆತ್ತುತ್ತದೆ ಬೇಡ, ಲೇಪಿಸುತ್ತದೆ ಅಂತ ಹಾಕಿ, ಗಂಭೀರವಾಗಿರುತ್ತೆ." ಧನ್ಯವಾದ ಹೇಳಿ, ಮೆತ್ತುತ್ತದೆ ಅಂತಲೇ ಬಿಡಿ.

ಕೊನೆ ದಿನಾಂಕ ಹೇಳದೆ ಡ್ರಾಫ್ಟ್ ಕಳಿಸಬೇಡಿ. "ಶುಕ್ರವಾರ ಸಂಜೆಯೊಳಗೆ" ಅಂದರೆ ಶುಕ್ರವಾರ ರಾತ್ರಿಯಾದರೂ ಬರುತ್ತದೆ. ಆದರೆ ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಅಂತ ತಿಳಿಯುವ ಪದ್ಧತಿ ಗೈಡ್ ಮತ್ತು ಡೇಟಾ ತೆಗೆದವರ ವಿಷಯದಲ್ಲಿ ಬೇಡ. ಅವರಿಬ್ಬರ "ಸರಿ" ಲಿಖಿತವಾಗಿಯೇ ಬೇಕು. ಎಲ್ಲರೂ ಒಂದೇ ಗೂಗಲ್ ಡಾಕ್ಯುಮೆಂಟ್‌ನಲ್ಲಿ, ಸಲಹೆಯ ರೂಪದಲ್ಲೇ ತಿದ್ದಲಿ. ಮೇಲ್‌ನಲ್ಲಿ ಫೈಲ್ ಓಡಾಡಿದರೆ "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಮೂರು ಹುಟ್ಟಿಕೊಂಡು ತಪ್ಪಾದದ್ದೇ ಹೊರಗೆ ಹೋಗುತ್ತದೆ.

ಹಂತ 9: ಹೆಸರು ಯಾರದು?

ಇದನ್ನು ಮೊದಲೇ ಮಾತಾಡಿಕೊಳ್ಳಿ. ಬರೆದವರ ಹೆಸರು ಮೇಲೆ. ಸಂಶೋಧನೆ ಮಾಡಿದವರ ಹೆಸರು ಬರಹದ ಒಳಗೆ, ಅವರು ಮಾಡಿದ ಕೆಲಸದ ಜೊತೆಗೇ ಬರಲಿ. ಜರ್ನಲ್‌ಗಳಲ್ಲಿ ಈಗ ಯಾರು ಏನು ಮಾಡಿದರು ಅಂತ ಹೇಳಲು ಕ್ರೆಡಿಟ್ ಅನ್ನುವ 14 ಪಾತ್ರಗಳ ಪಟ್ಟಿ ಬಳಸುತ್ತಾರೆ. ಯೋಚನೆ, ಡೇಟಾ, ಸಾಫ್ಟ್‌ವೇರ್, ಹಣ ತಂದವರು, ಹೀಗೆ. ನಮಗೆ ಅಷ್ಟು ಬೇಡ, ಆದರೆ ಆ ಪಟ್ಟಿಯನ್ನು ಒಮ್ಮೆ ನೋಡಿದರೆ ಮರೆತುಹೋದ ಒಂದಿಬ್ಬರು ನೆನಪಾಗುತ್ತಾರೆ.

ಗಣಿತದವರು ಬೇರೆ ದಾರಿ ಹಿಡಿದದ್ದೂ ಇದೆ. 2009ರಲ್ಲಿ ಟಿಮೊಥಿ ಗವರ್ಸ್ ಕರೆಕೊಟ್ಟ ಪಾಲಿಮ್ಯಾತ್ ಯೋಜನೆಯಲ್ಲಿ ಹಲವರು ಬಹಿರಂಗವಾಗಿ ಸೇರಿ ಒಂದು ಪ್ರಮೇಯಕ್ಕೆ ಹೊಸ ಸಾಧನೆ (ಪ್ರೂಫ್) ಕೊಟ್ಟರು. ಪೇಪರ್ ಬಂದಿದ್ದು ಡಿ.ಎಚ್.ಜೆ. ಪಾಲಿಮ್ಯಾತ್ ಅನ್ನುವ ಒಂದೇ ಹೆಸರಿನಲ್ಲಿ. ಚೆನ್ನಾಗಿದೆ, ಆದರೆ ಆಗಲೇ ಹೆಸರು ಮಾಡಿದವರಿಗೆ ಇದು ಸುಲಭ. ಮುಂದಿನ ವರ್ಷ ಕೆಲಸ ಹುಡುಕಬೇಕಾದ ವಿದ್ಯಾರ್ಥಿಗೆ ತನ್ನ ಹೆಸರು ಕಾಣಬೇಕು. ಬರೀ "ತಂಡ" ಅಂತ ಹಾಕುವ ಗುಂಪುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಫೀಲ್ಡ್ ಅಸಿಸ್ಟೆಂಟ್‌ಗಳನ್ನು "ಸ್ಥಳೀಯರ ನೆರವಿನಿಂದ" ಅಂತ ಮುಗಿಸಬೇಡಿ. ಅವರು ಒಪ್ಪಿದರೆ ಹೆಸರು ಹಾಕಿ, ಏನು ಮಾಡಿದರು ಅಂತಲೂ ಹೇಳಿ.

ಹಂತ 10: ಹೊರಗೆ ಕಳಿಸುವ ದಿನ

ಬರಹ ಯೂನಿಕೋಡ್‌ನಲ್ಲಿದೆಯೇ ನೋಡಿ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡು, ಬೇರೆಯವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಕನ್ವರ್ಟರ್‌ಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಲೇಬೇಕು. ಪೇಪರ್‌ನ ಡಿಒಐ ಸಂಖ್ಯೆ (ಪೇಪರನ್ನು ಹುಡುಕಲು ಬಳಸುವ ಕಾಯಂ ಗುರುತು), ದಿನಾಂಕ, ಯಾರು ಹಣ ಕೊಟ್ಟರು, ಇಷ್ಟು ಕೊನೆಗೆ. ಪೇಪರ್ ಇನ್ನೂ ಪ್ರಿಪ್ರಿಂಟ್ ಆಗಿದ್ದರೆ, ಬೇರೆ ತಜ್ಞರು ಇನ್ನೂ ಪರಿಶೀಲಿಸಿಲ್ಲ ಅಂತ ಮೊದಲ ಮೂರು ಪ್ಯಾರಾದೊಳಗೇ ಹೇಳಿ. ಆಮೇಲೆ ಒಮ್ಮೆ ಫೋನಿನಲ್ಲೇ ಪೂರ್ತಿ ಓದಿ, ಗಟ್ಟಿಯಾಗಿ.

ಹಂತ 11: ಹೊರಬಂದ ಮೇಲೆ

ತಪ್ಪು ಸಿಕ್ಕಿದರೆ ಸದ್ದಿಲ್ಲದೆ ತಿದ್ದಬೇಡಿ. ಕಾಗುಣಿತವಾದರೆ ಸರಿ. ಅಂಕಿ, ಹೆಸರು, ಅರ್ಥ ಬದಲಾದರೆ ಕೆಳಗೆ ದಿನಾಂಕ ಹಾಕಿ, ಮೊದಲು ಏನಿತ್ತು, ಈಗ ಏನಾಗಿದೆ ಅಂತ ಎರಡು ಸಾಲು ಬರೆಯಿರಿ. ಪೇಪರ್ ಹಿಂದಕ್ಕೆ ಹೋದರೆ ಬರಹವನ್ನು ಅಳಿಸದೆ, ಮೇಲ್ಗಡೆ ಅದನ್ನು ಹೇಳಿ.

ಓದಿದವರಿಂದ ಪ್ರಶ್ನೆಗಳು ಬರುತ್ತವೆ, ಅದರಲ್ಲೂ ಕೃಷಿ ಮತ್ತು ಆರೋಗ್ಯದ ವಿಷಯಗಳಿಗೆ. "ಈ ತಳಿಯ ಬೀಜ ಎಲ್ಲಿ ಸಿಗುತ್ತೆ?", "ನಮ್ಮಪ್ಪನಿಗೂ ಇದೇ ಕಾಯಿಲೆ, ಈ ಔಷಧಿ ಕೊಡಬಹುದಾ?" ಇಂಥ ಕಡೆ ಜಾಣತನ ಬೇಡ. ಬೀಜ ಇನ್ನೂ ಬಿಡುಗಡೆಯಾಗಿಲ್ಲ ಅಂತ ನೇರವಾಗಿ ಹೇಳಿ. ಚಿಕಿತ್ಸೆಯ ಸಲಹೆ ಕೊಡಬೇಡಿ, ಅವರನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಲು ಹೇಳಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಬರಹದಲ್ಲಿ ಆ ಜಾಗ ಮಸುಕಾಗಿದೆ ಅಂತ ಅರ್ಥ, ಅಲ್ಲೊಂದು ಸಾಲು ಸೇರಿಸಿ. "ನಮ್ಮ ತೋಟದ ಹಳ್ಳದಲ್ಲೂ ಇಂಥದ್ದೇ ಕಪ್ಪೆ ನೋಡಿದ್ದೇನೆ" ಅಂತ ಯಾರಾದರೂ ಬರೆದರೆ ಮಾತ್ರ ತಡಮಾಡಬೇಡಿ. ಫೋಟೋ ಮತ್ತು ದಿನಾಂಕ ಕೇಳಿಕೊಂಡು, ಸೋಮವಾರದ ಲ್ಯಾಬ್ ಮೀಟಿಂಗ್‌ಗೆ ತನ್ನಿ.

ಸರದಿ ಮುಗಿದ ಮೇಲೆ ಮುಂದಿನವರಿಗಾಗಿ ಗುಂಪಿನ ಫೋಲ್ಡರಿನಲ್ಲಿ ನಾಲ್ಕು ವಸ್ತು ಬಿಟ್ಟುಹೋಗಿ: ಕೊನೆಯ ಪಠ್ಯ, ದೊಡ್ಡ ಅಳತೆಯ ಮೂಲ ಚಿತ್ರಗಳು, ಒಪ್ಪಿಗೆ ಕೊಟ್ಟ ಮೇಲ್‌ಗಳು, ಪದಪಟ್ಟಿಗೆ ನೀವು ಸೇರಿಸಿದ ಪದಗಳು. ಬರಹ ಹಾಕುವ ಖಾತೆಯ ಪಾಸ್‌ವರ್ಡ್ ನಿಮ್ಮ ಒಬ್ಬರ ಫೋನಿನಲ್ಲಿ ಉಳಿದಿದ್ದರೆ ಅದನ್ನೂ ಇವತ್ತೇ ಕೊಟ್ಟುಬಿಡಿ, ಥೀಸಿಸ್ ಸಲ್ಲಿಸುವ ವಾರದಲ್ಲಿ ನಿಮ್ಮನ್ನು ಯಾರೂ ಹಿಡಿಯಲಾರರು.